ನ್ಯುಮೋನಿಯಾಕ್ಕೆ ಸೇರಿದವರಿಗೆ ಹೊಟ್ಟೆಗೆ ಇಂಜೆಕ್ಷನ್ ಯಾಕೆ?

ವಯಸ್ಸಾದವರೊಬ್ಬರು ನ್ಯುಮೋನಿಯಾ ಎಂದು ಆಸ್ಪತ್ರೆಗೆ ಸೇರುತ್ತಾರೆ. ಆಕ್ಸಿಜನ್ ಹಾಕುತ್ತಾರೆ, ಡ್ರಿಪ್ ಮೂಲಕ ಆಂಟಿಬಯಾಟಿಕ್ ಕೊಡುತ್ತಾರೆ. ಇದೆಲ್ಲ ಮನೆಯವರಿಗೆ ಅರ್ಥವಾಗುತ್ತದೆ. ಆದರೆ ಸಂಜೆ ನರ್ಸ್ ಬಂದು ಹೊಟ್ಟೆಯ ಚರ್ಮವನ್ನು ಮಡಿಸಿ ಹಿಡಿದು ಚಿಕ್ಕದೊಂದು ಇಂಜೆಕ್ಷನ್ ಚುಚ್ಚುತ್ತಾರೆ. ಮರುದಿನವೂ ಅದೇ. ಕಾಯಿಲೆ ಇರುವುದು ಎದೆಯಲ್ಲಿ, ಸೂಜಿ ಹೊಟ್ಟೆಗೆ ಯಾಕೆ? ಕೇಳಿದರೆ "ರಕ್ತ ತೆಳು ಮಾಡೋಕೆ" ಎಂಬ ಚುಟುಕು ಉತ್ತರ ಬರುತ್ತದೆ. ಅದರಿಂದ ಭಯ ಇನ್ನಷ್ಟು ಜಾಸ್ತಿಯಾಗುತ್ತದೆ. ಕೆಲವರು ಇಂಜೆಕ್ಷನ್ ಬೇಡವೇ ಬೇಡ ಅಂದುಬಿಡುತ್ತಾರೆ.

ಆ ಇಂಜೆಕ್ಷನ್ ಇನ್ನೂ ಬಂದಿರದ ಒಂದು ಅಪಾಯವನ್ನು ತಡೆಯಲು. ಹಾಸಿಗೆ ಹಿಡಿದ ದಿನಗಳಲ್ಲಿ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಆಪರೇಷನ್ ಆದವರಿಗೆ ಹೀಗಾಗುತ್ತದೆ ಎಂದು ಅನೇಕರಿಗೆ ಗೊತ್ತು. ಆದರೆ ಚಾಕು ಮುಟ್ಟದೆ, ಬರೀ ಕಾಯಿಲೆಗಾಗಿ ಸೇರಿದವರಿಗೂ ಆಗುತ್ತದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಇಂಥ ಹೆಪ್ಪು ಕಾಣಿಸಿಕೊಂಡವರನ್ನು ನೋಡಿದರೆ, ನೂರರಲ್ಲಿ 60 ಮಂದಿಯವರೆಗೂ ಆಸ್ಪತ್ರೆಯಲ್ಲಿ ಇದ್ದವರು ಅಥವಾ ಹಿಂದಿನ 90 ದಿನಗಳೊಳಗೆ ಇದ್ದು ಬಂದವರು ಎಂಬ ಅಂದಾಜಿದೆ. ಇದರಲ್ಲಿ ತಡೆಯಬಹುದಾದದ್ದು ಬಹಳಷ್ಟಿದೆ. ಅದಕ್ಕೇ ಈ ವಿಷಯ ಮನೆಯವರಿಗೂ ಗೊತ್ತಿರಬೇಕು ಎನ್ನುವುದು ನನ್ನ ಆಸೆ.

ರಕ್ತ ಹೆಪ್ಪುಗಟ್ಟುವುದು ಹೇಗೆ

ಹೃದಯ ರಕ್ತವನ್ನು ಜೋರಾಗಿ ಕೆಳಕ್ಕೆ ತಳ್ಳುತ್ತದೆ. ಪಾದದಿಂದ ವಾಪಸ್ ಮೇಲಕ್ಕೆ ಬರುವಾಗ ಆ ಜೋರು ಇರುವುದಿಲ್ಲ. ಆಗ ಕೆಲಸ ಮಾಡುವುದು ಮೀನಖಂಡದ ಸ್ನಾಯು. ನಾವು ಹೆಜ್ಜೆ ಹಾಕಿದಾಗಲೆಲ್ಲ ಅದು ಬಿಗಿದು, ಒಳಗಿನ ರಕ್ತನಾಳಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ನೂಕುತ್ತದೆ. ನೂಕಿದ ರಕ್ತ ಮತ್ತೆ ಕೆಳಗಿಳಿಯದಂತೆ ನಾಳದೊಳಗೆ ಪುಟ್ಟ ಕವಾಟಗಳಿವೆ. ದಿನವಿಡೀ ಮಲಗಿದ್ದರೆ ಈ ಪಂಪು ನಿಂತಂತೆಯೇ. ಕವಾಟಗಳ ಹಿಂದಿನ ಸಂದಿಯಲ್ಲಿ ರಕ್ತ, ಹೊಳೆಯ ಮಡುವಿನಲ್ಲಿ ನೀರು ನಿಂತಲ್ಲೇ ಸುತ್ತಿದ ಹಾಗೆ, ಸುತ್ತುತ್ತಾ ಉಳಿಯುತ್ತದೆ. ಅಲ್ಲಿ ಆಕ್ಸಿಜನ್ ಕಡಿಮೆಯಾಗುತ್ತದೆ, ನಾಳದ ಒಳಪದರ ಕೆರಳುತ್ತದೆ. ಹೆಚ್ಚಿನ ಹೆಪ್ಪುಗಳು ಶುರುವಾಗುವುದು ಇಲ್ಲೇ.

ಆದರೆ ಬರೀ ಮಲಗಿದ್ದಕ್ಕೇ ಹೀಗಾಗುವುದಾದರೆ ರಾತ್ರಿ ನಿದ್ದೆ ಮಾಡಿದವರಿಗೆಲ್ಲ ಆಗಬೇಕಿತ್ತಲ್ವಾ? ಇನ್ನೂ ಎರಡು ಸಂಗತಿ ಜೊತೆಗೂಡಬೇಕು. ಒಂದು, ನಾಳದ ಗೋಡೆಗೆ ಪೆಟ್ಟು ಅಥವಾ ಕೆರಳಿಕೆ. ಇನ್ನೊಂದು, ರಕ್ತವೇ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬರುವುದು. ರಕ್ತದ ಹರಿವು, ನಾಳದ ಗೋಡೆ, ರಕ್ತದ ಗುಣ: ಈ ಮೂರನ್ನು ಒಟ್ಟಾಗಿ ವಿರ್ಕೋನ ತ್ರಿಕೂಟ ಎನ್ನುತ್ತಾರೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶ ಸೇರುತ್ತದೆ ಎಂದು 19ನೇ ಶತಮಾನದಲ್ಲಿ ತೋರಿಸಿಕೊಟ್ಟವನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ. ಅವನು ಹುಟ್ಟಿದ್ದು 1821ರ ಅಕ್ಟೋಬರ್ 13ರಂದು. ಈಗ ಪ್ರತಿವರ್ಷ ಅದೇ ದಿನ ವಿಶ್ವ ಥ್ರಾಂಬೋಸಿಸ್ (ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು) ದಿನ ನಡೆಯುತ್ತದೆ.

ಮೂರನೆಯ ಸಂಗತಿಯೇ ಕಾಯಿಲೆಯವರಲ್ಲಿ ಮುಖ್ಯ. ಸೋಂಕು ತಗುಲಿದಾಗ ದೇಹ ಯುದ್ಧಕ್ಕೆ ಸಿದ್ಧವಾಗುತ್ತದೆ. ಗಾಯವಾದರೆ ರಕ್ತ ಸೋರಿಹೋಗಬಾರದು, ಕೀಟಾಣು ಹರಡಬಾರದು ಎಂದು ಹೆಪ್ಪುಗಟ್ಟಿಸುವ ವ್ಯವಸ್ಥೆಯನ್ನೂ ಚುರುಕು ಮಾಡುತ್ತದೆ. ಲಿವರ್ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ. ಹೆಪ್ಪಿನ ಬಲೆ ನೇಯಲು ಬೇಕಾದ ನೂಲು ಸಿಗುವುದು ಅದರಿಂದಲೇ. ಬಿಳಿ ರಕ್ತಕಣಗಳು ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವ ವಸ್ತುಗಳನ್ನು ಹೊರಹಾಕುತ್ತವೆ. ನಾಳದ ಒಳಗೋಡೆ ಕೂಡ ತನ್ನ ನಯ ಕಳೆದುಕೊಂಡು ಅಂಟಂಟಾಗುತ್ತದೆ. ಕೊರೊನಾ ಕಾಲದಲ್ಲಿ ಆಸ್ಪತ್ರೆ ಸೇರಿದ ರೋಗಿಗಳಲ್ಲಿ ಹೆಪ್ಪಿನ ತೊಂದರೆ ಅಷ್ಟೊಂದು ಕಂಡದ್ದು ಮುಖ್ಯವಾಗಿ ಸೋಂಕಿಗೆ ದೇಹ ಹೀಗೆ ಕೆರಳುವುದರಿಂದ, ಅಂದರೆ ಉರಿಯೂತದಿಂದ. ಕ್ಯಾನ್ಸರ್ ಗಡ್ಡೆಗಳೂ ರಕ್ತವನ್ನು ಇದೇ ಸ್ಥಿತಿಗೆ ತಳ್ಳುತ್ತವೆ. ಹೃದಯ ದುರ್ಬಲವಾಗಿದ್ದರೆ ರಕ್ತದ ಓಟ ಮೊದಲೇ ನಿಧಾನ. ಹಾಗಾಗಿ ನ್ಯುಮೋನಿಯಾ, ಹೃದಯ ವೈಫಲ್ಯ, ಲಕ್ವ, ಕ್ಯಾನ್ಸರ್ ಇವೆಲ್ಲ ಎದೆ, ತಲೆ, ಹೊಟ್ಟೆಯ ಕಾಯಿಲೆಗಳಾದರೂ ಅಪಾಯ ಬಂದು ಕೂರುವುದು ಕಾಲಿನಲ್ಲಿ.

ಕಾಲಿನ ಆಳದ ನಾಳದಲ್ಲಿ ಹೆಪ್ಪುಗಟ್ಟಿದರೆ ಅದನ್ನು ಡಿವಿಟಿ ಎನ್ನುತ್ತಾರೆ. ಒಂದೇ ಕಾಲು ಊದಬಹುದು, ನೋಯಬಹುದು, ಬಿಸಿಯಾಗಿ ಕೆಂಪಾಗಬಹುದು. ಎಷ್ಟೋ ಸಲ ಏನೂ ಕಾಣುವುದೇ ಇಲ್ಲ. ಹೆಪ್ಪು ಮೊಣಕಾಲು ದಾಟಿ ತೊಡೆಯ ದೊಡ್ಡ ನಾಳಕ್ಕೆ ಬೆಳೆದಾಗ ಕಳಚಿಕೊಳ್ಳುವ ಅಪಾಯ ಹೆಚ್ಚು. ಕಳಚಿದ ತುಂಡು ಮೇಲೇರಿ, ಹೃದಯದ ಬಲಭಾಗ ದಾಟಿ, ಶ್ವಾಸಕೋಶದ ನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇದು ಪಲ್ಮನರಿ ಎಂಬಾಲಿಸಂ. ತುಂಡು ದೊಡ್ಡದಿದ್ದರೆ ಹೃದಯಕ್ಕೆ ಅದರ ವಿರುದ್ಧ ರಕ್ತ ತಳ್ಳಲು ಆಗುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು. ಮುನ್ಸೂಚನೆಯೇ ಇಲ್ಲದೆ ಹೀಗಾಗುವುದು ಉಂಟು. ಲಕ್ಷಣ ಕಂಡಮೇಲೆ ನೋಡೋಣ ಎಂದು ಕಾಯುವುದು ಇಲ್ಲಿ ಸರಿಯಲ್ಲ, ಯಾಕೆಂದರೆ ಮೊದಲ ಲಕ್ಷಣವೇ ಕೊನೆಯದೂ ಆಗಿಬಿಡಬಹುದು.

ಯಾರಿಗೆ ಬೇಕು, ಯಾರಿಗೆ ಬೇಡ

ಹಾಗಾದರೆ ಸೇರಿದವರಿಗೆಲ್ಲ ಇಂಜೆಕ್ಷನ್ ಕೊಟ್ಟುಬಿಟ್ಟರೆ? ಬೇಡ. ಹೆಪ್ಪು ತಡೆಯುವ ಔಷಧಿ ರಕ್ತಸ್ರಾವದ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆ. ಅಪಾಯವೇ ಇಲ್ಲದವರಿಗೆ ಸುಮ್ನೆ ಚುಚ್ಚಿದರೆ ಲಾಭವಿಲ್ಲ, ತೊಂದರೆಯ ಸಾಧ್ಯತೆ ಮಾತ್ರ ಉಳಿಯುತ್ತದೆ. ಹಾಗಾಗಿ ರೋಗಿ ಸೇರಿದ ಕೂಡಲೇ ಇಬ್ಬದಿಯ ಲೆಕ್ಕ ಹಾಕಬೇಕು: ಹೆಪ್ಪಿನ ಅಪಾಯ ಎಷ್ಟು, ರಕ್ತಸ್ರಾವದ ಅಪಾಯ ಎಷ್ಟು.

ಮೊದಲನೆಯದಕ್ಕೆ ಇಟಲಿಯ ಪಡುವಾದ ವೈದ್ಯರು 2010ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಹೆಚ್ಚು ಬಳಕೆಯಲ್ಲಿದೆ. ಕ್ಯಾನ್ಸರ್ ಇದ್ದರೆ 3 ಅಂಕ. ಹಿಂದೆ ಹೀಗೆ ಹೆಪ್ಪುಗಟ್ಟಿದ್ದರೆ 3. ರಕ್ತ ಬೇಗ ಹೆಪ್ಪುಗಟ್ಟುವ ಗುಣ ಹುಟ್ಟಿನಿಂದಲೋ ಬೇರೆ ಕಾರಣದಿಂದಲೋ ಇದೆ ಎಂದು ಗೊತ್ತಿದ್ದರೆ 3. ಓಡಾಟ ಕಡಿಮೆಯಾಗಿದ್ದರೂ 3. ಕಳೆದ ಒಂದು ತಿಂಗಳಲ್ಲಿ ದೊಡ್ಡ ಪೆಟ್ಟು ಅಥವಾ ಆಪರೇಷನ್ ಆಗಿದ್ದರೆ 2. ವಯಸ್ಸು 70 ದಾಟಿರುವುದು, ಹೃದಯ ಅಥವಾ ಉಸಿರಾಟದ ವೈಫಲ್ಯ, ಹೃದಯಾಘಾತ ಅಥವಾ ಲಕ್ವ, ಸೋಂಕು ಅಥವಾ ವಾತರೋಗ, ಬೊಜ್ಜು, ಹಾರ್ಮೋನ್ ಚಿಕಿತ್ಸೆ ಇವುಗಳಿಗೆ ಒಂದೊಂದು. ಒಟ್ಟು 4 ಅಥವಾ ಹೆಚ್ಚು ಬಂದರೆ ಅಪಾಯ ಜಾಸ್ತಿ ಎಂದು ಲೆಕ್ಕ.

ಈ ಪಟ್ಟಿಯಲ್ಲಿ ಒಂದು ಸಣ್ಣ ವಿವರ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. "ಓಡಾಟ ಕಡಿಮೆ" ಅಂದರೆ ಅಲುಗಾಡದೆ ಮಲಗಿರುವುದು ಅಂತಲ್ಲ. ಕನಿಷ್ಠ 3 ದಿನ ಹಾಸಿಗೆಯಲ್ಲೇ ಇದ್ದು ಬಾತ್‌ರೂಮಿಗೆ ಮಾತ್ರ ಎದ್ದು ಹೋಗುತ್ತಿದ್ದರೂ ಪೂರ್ತಿ 3 ಅಂಕ. "ಅವರು ಎದ್ದು ಓಡಾಡ್ತಿದಾರಲ್ಲ" ಎಂದು ನಾವು ಸಮಾಧಾನ ಪಟ್ಟುಕೊಳ್ಳುವುದು ಇಂಥ ಓಡಾಟವನ್ನು ನೋಡಿಯೇ. ಮೇಲೆ ಹೇಳಿದ ಹಿರಿಯರಿಗೆ 72 ವರ್ಷ ಎಂದುಕೊಳ್ಳಿ. ಹಾಸಿಗೆ ಹಿಡಿದದ್ದಕ್ಕೆ 3, ವಯಸ್ಸಿಗೆ 1, ಸೋಂಕಿಗೆ 1. ಒಟ್ಟು 5. ಅವರ ಹೊಟ್ಟೆಗೆ ಸೂಜಿ ಯಾಕೆ ಎನ್ನುವುದಕ್ಕೆ ಉತ್ತರ ಇದು. ಅದೇ ಸೋಂಕಿಗೆ ಸೇರಿ ವಾರ್ಡಿನ ತುಂಬಾ ಓಡಾಡಿಕೊಂಡಿರುವ 30ರ ಹರೆಯದವರಿಗೆ 1 ಅಂಕ ಮಾತ್ರ. ಅವರಿಗೆ ಇಂಜೆಕ್ಷನ್ ಕೊಟ್ಟಿಲ್ಲ ಅಂದರೆ ಅದು ಅಲಕ್ಷ್ಯವಲ್ಲ.

ಪಡುವಾದಲ್ಲಿ 1180 ರೋಗಿಗಳನ್ನು 90 ದಿನ ಗಮನಿಸಿದರು. ಕಡಿಮೆ ಅಂಕದವರಲ್ಲಿ ನೂರಕ್ಕೆ 0.3 ಮಂದಿಗೆ ಹೆಪ್ಪಿನ ತೊಂದರೆ ಬಂತು. ಹೆಚ್ಚು ಅಂಕವಿದ್ದೂ ಔಷಧಿ ಸಿಗದವರಲ್ಲಿ ನೂರಕ್ಕೆ 11 ಮಂದಿಗೆ ಬಂತು. ಹೆಚ್ಚು ಅಂಕವಿದ್ದು ಔಷಧಿ ಸಿಕ್ಕವರಲ್ಲಿ ನೂರಕ್ಕೆ 2.2. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಹಾಗಾಗಿ ಔಷಧಿಯ ಶಕ್ತಿಯನ್ನು ಇದೊಂದರಿಂದಲೇ ಅಳೆಯಬಾರದು. ಆದರೆ ಯಾರಿಗೆ ಅಪಾಯ, ಯಾರಿಗಿಲ್ಲ ಎಂದು ಬೇರ್ಪಡಿಸುವ ಕೆಲಸವನ್ನು ಈ ಪಟ್ಟಿ ಚೆನ್ನಾಗಿಯೇ ಮಾಡಿತು.

ಎರಡನೆಯ ಲೆಕ್ಕ ರಕ್ತಸ್ರಾವದ್ದು. ಹೊಟ್ಟೆಯಲ್ಲಿ ಹಸಿ ಹುಣ್ಣು, ಕಳೆದ 3 ತಿಂಗಳಲ್ಲಿ ಆದ ರಕ್ತಸ್ರಾವ, ಪ್ಲೇಟ್‌ಲೆಟ್ (ಹೆಪ್ಪುಗಟ್ಟಲು ನೆರವಾಗುವ ರಕ್ತಕಣ) 50,000ಕ್ಕಿಂತ ಕಡಿಮೆ ಇರುವುದು ಇವು ದೊಡ್ಡ ಎಚ್ಚರಿಕೆಗಳು. ಲಿವರ್ ಅಥವಾ ಕಿಡ್ನಿ ಕೈಕೊಟ್ಟಿರುವುದು, ತುಂಬಾ ವಯಸ್ಸಾಗಿರುವುದು ಕೂಡ ಲೆಕ್ಕಕ್ಕೆ ಬರುತ್ತವೆ. ಮೆದುಳಿನಲ್ಲಿ ರಕ್ತಸ್ರಾವವಾಗಿ ಲಕ್ವ ಹೊಡೆದವರಿಗೆ ಮೊದಲ ದಿನಗಳಲ್ಲಿ ಈ ಇಂಜೆಕ್ಷನ್ ಕೊಡುವುದಿಲ್ಲ.

ಇಂಜೆಕ್ಷನ್ ಏನು ಮಾಡುತ್ತದೆ

1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ಸಿಕ್ಕಿದ್ದು ಹೆಪ್ಪುಗಟ್ಟದಂತೆ ತಡೆಯುವ ವಸ್ತು. ಅವನ ಗುರು ವಿಲಿಯಂ ಹೋವೆಲ್ ಆ ಕೆಲಸವನ್ನು ಮುಂದುವರಿಸಿ ಹೆಪಾರಿನ್ ಎಂಬ ಹೆಸರಿಟ್ಟರು. ಹೊಟ್ಟೆಗೆ ಚುಚ್ಚುವುದು ಇದನ್ನು ಅಥವಾ ಇದರಿಂದ ತಯಾರಾದದ್ದನ್ನು. ನಮ್ಮ ರಕ್ತದಲ್ಲೇ ಆಂಟಿಥ್ರಾಂಬಿನ್ ಎಂಬ ಕಾವಲುಗಾರ ಪ್ರೋಟೀನ್ ಇದೆ. ಹೆಪಾರಿನ್ ಅದಕ್ಕೆ ಅಂಟಿಕೊಂಡು ಅದರ ಕೆಲಸವನ್ನು ನೂರಾರು ಪಟ್ಟು ಚುರುಕು ಮಾಡುತ್ತದೆ. ಆಗ ಹೆಪ್ಪುಗಟ್ಟಿಸುವ ಸರಪಳಿಯ ಮುಖ್ಯ ಕೊಂಡಿಗಳು ನಿಷ್ಕ್ರಿಯವಾಗುತ್ತವೆ. ರಕ್ತವೇನೂ ನೀರಾಗುವುದಿಲ್ಲ. ಆಗಲೇ ಕಟ್ಟಿದ ಹೆಪ್ಪು ಇದರಿಂದ ಕರಗುವುದೂ ಇಲ್ಲ. ಹೊಸದು ಕಟ್ಟದಂತೆ, ಇದ್ದದ್ದು ಬೆಳೆಯದಂತೆ ತಡೆಯುತ್ತದೆ ಅಷ್ಟೆ.

ಹೆಪಾರಿನ್‌ನ ದೊಡ್ಡ ಅಣುಗಳನ್ನು ತುಂಡು ಮಾಡಿ ತಯಾರಿಸಿದ್ದು ಎನಾಕ್ಸಪ್ಯಾರಿನ್, ಡಾಲ್ಟೆಪ್ಯಾರಿನ್ ಮುಂತಾದವು. ಇವು ದಿನಕ್ಕೆ ಒಂದು ಸಲ ಸಾಕು, ಪದೇಪದೇ ರಕ್ತ ಪರೀಕ್ಷೆ ಮಾಡಿ ಡೋಸ್ ಸರಿಪಡಿಸಬೇಕಿಲ್ಲ. ಎನಾಕ್ಸಪ್ಯಾರಿನ್ ಆದರೆ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂ. ಕಿಡ್ನಿ ಚೆನ್ನಾಗಿಲ್ಲದವರಲ್ಲಿ ಇದು ದೇಹದಲ್ಲೇ ಉಳಿದುಬಿಡುತ್ತದೆ, ಅದಕ್ಕೆ ಡೋಸ್ ತಗ್ಗಿಸುತ್ತಾರೆ ಅಥವಾ ಹಳೆಯ ಹೆಪಾರಿನ್ ಅನ್ನೇ 5000 ಯೂನಿಟ್‌ನಂತೆ ದಿನಕ್ಕೆ ಎರಡು ಮೂರು ಸಲ ಕೊಡುತ್ತಾರೆ. ಇದು ತಡೆಯುವ ಡೋಸ್. ಹೆಪ್ಪುಗಟ್ಟಿದ ಮೇಲೆ ಕೊಡುವ ಡೋಸ್ ತುಂಬಾ ದೊಡ್ಡದು: 60 ಕಿಲೋ ತೂಕದವರಿಗೆ 60 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಅಂದರೆ ತಡೆಯಲು ಬೇಕಾದ್ದು ಅದರ ಮೂರನೇ ಒಂದು ಪಾಲು.

ಇದು ನಿಜವಾಗಿ ಕೆಲಸ ಮಾಡುತ್ತದೆಯೇ? 1999ರಲ್ಲಿ ಪ್ರಕಟವಾದ ಮೆಡೆನಾಕ್ಸ್ ಪ್ರಯೋಗದಲ್ಲಿ ಆಪರೇಷನ್ ಇಲ್ಲದೆ ಕಾಯಿಲೆಗಾಗಿ ಸೇರಿದ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಎರಡು ವಾರದೊಳಗೆ, ಬರೀ ಹುಸಿ ಔಷಧಿ ಪಡೆದವರಲ್ಲಿ ನೂರಕ್ಕೆ 14.9 ಮಂದಿಗೆ ಹೆಪ್ಪು ಕಂಡಿತು. 40 ಮಿಲಿಗ್ರಾಂ ಪಡೆದವರಲ್ಲಿ 5.5. ಅರ್ಧ ಡೋಸ್, ಅಂದರೆ 20 ಮಿಲಿಗ್ರಾಂ ಪಡೆದವರಲ್ಲಿ 15. ಅರ್ಧ ಕೊಟ್ಟರೆ ಅರ್ಧ ಲಾಭವೂ ಸಿಗಲಿಲ್ಲ. ಭಯಪಟ್ಟು ಡೋಸ್ ತಗ್ಗಿಸುವವರು ಈ ಅಂಕಿಯನ್ನು ಮರೆಯಬಾರದು.

ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಪ್ರಯೋಗದಲ್ಲಿ ಕಂಡ ಹೆಪ್ಪುಗಳಲ್ಲಿ ಹೆಚ್ಚಿನವು ರೋಗಿಗೆ ಗೊತ್ತೇ ಆಗದಂಥವು, ಪರೀಕ್ಷೆ ಮಾಡಿ ಹುಡುಕಿದ್ದರಿಂದ ಸಿಕ್ಕವು. 2011ರ ಲೈಫೆನಾಕ್ಸ್ ಪ್ರಯೋಗದಲ್ಲಿ 8307 ರೋಗಿಗಳನ್ನು ನೋಡಿದಾಗ, ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲದ ಜೊತೆ ಎನಾಕ್ಸಪ್ಯಾರಿನ್ ಕೊಟ್ಟವರಲ್ಲೂ ಬರೀ ಕಾಲುಚೀಲ ಹಾಕಿ ಅದನ್ನು ಕೊಡದವರಲ್ಲೂ ಒಟ್ಟು ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ದೊಡ್ಡ ರಕ್ತಸ್ರಾವವೂ ಎರಡೂ ಕಡೆ ಬಹಳ ಅಪರೂಪ: ನೂರಕ್ಕೆ 0.4 ಮತ್ತು 0.3. ಸೇರಿದ ಎಲ್ಲರ ಜೀವ ಉಳಿಸುವ ಔಷಧಿ ಇದಲ್ಲ. ಅಪಾಯ ಹೆಚ್ಚಿರುವವರಲ್ಲಿ ಹೆಪ್ಪನ್ನು ತಡೆಯುವ ಔಷಧಿ. ಅದಕ್ಕೇ ಆ ಅಂಕಪಟ್ಟಿಗೆ ಅಷ್ಟು ಬೆಲೆ.

ಚುಚ್ಚಿದ ಜಾಗ ನೀಲಿಗಟ್ಟುವುದು ಸಾಮಾನ್ಯ. ಅಲ್ಲಿ ಉಜ್ಜಬಾರದು, ಉಜ್ಜಿದರೆ ಇನ್ನೂ ಹರಡುತ್ತದೆ. ಅಪರೂಪಕ್ಕೆ, ಹೆಪಾರಿನ್ ಶುರುಮಾಡಿದ 5ರಿಂದ 10 ದಿನಗಳ ಮಧ್ಯೆ ಪ್ಲೇಟ್‌ಲೆಟ್ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಕುಸಿದು, ಹೊಸ ಹೆಪ್ಪುಗಳೇ ಹುಟ್ಟಿಕೊಳ್ಳುವ ತೊಂದರೆ ಬರಬಹುದು. ಹಿಂದೆ ಹೆಪಾರಿನ್‌ನಿಂದ ಹೀಗೆ ಆಗಿದ್ದರೆ ಸೇರುವಾಗಲೇ ಹೇಳಬೇಕು. ಈ ಔಷಧಿಗಳನ್ನು ಹಂದಿಯ ಕರುಳಿನಿಂದ ತೆಗೆಯುತ್ತಾರೆ. ನಂಬಿಕೆಯ ಕಾರಣಕ್ಕೆ ಅದು ಬೇಡ ಎನ್ನುವವರು ಕೇಳಿದರೆ, ಪೂರ್ತಿ ರಾಸಾಯನಿಕವಾಗಿ ತಯಾರಾಗುವ ಫಾಂಡಾಪ್ಯಾರಿನಕ್ಸ್ ಇದೆ.

ಆಸ್ಪಿರಿನ್ ಸಾಲದೇ ಎಂದು ಕೆಲವರು ಕೇಳುತ್ತಾರೆ. ಆಸ್ಪಿರಿನ್ ತಡೆಯುವುದು ಪ್ಲೇಟ್‌ಲೆಟ್‌ಗಳನ್ನು. ನಿಧಾನವಾಗಿ ಹರಿಯುವ ನಾಳದ ಹೆಪ್ಪಿನಲ್ಲಿ ಫೈಬ್ರಿನ್ ಬಲೆಯದ್ದೇ ಮೇಲುಗೈ. ಹೃದಯಕ್ಕಾಗಿ ಆಸ್ಪಿರಿನ್ ನುಂಗುತ್ತಿರುವವರಿಗೆ ಈ ಇಂಜೆಕ್ಷನ್ ಬೇಡ ಎಂದು ತಿಳಿಯಬಾರದು.

ಔಷಧಿ ಕೊಡಲಾಗದಿದ್ದರೆ

ರಕ್ತಸ್ರಾವದ ಭಯ ಇರುವವರಿಗೆ ಯಂತ್ರವಿದೆ. ಎರಡೂ ಕಾಲಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ಬಿಟ್ಟು ಮಾಡುತ್ತಾ ಮೀನಖಂಡವನ್ನು ಹಿಂಡುತ್ತದೆ. ನಡೆಯದವರಿಗೆ ನಡಿಗೆಯ ಕೆಲಸವನ್ನು ಅದು ಮಾಡಿಕೊಡುತ್ತದೆ. ಲಕ್ವ ಹೊಡೆದು ಮಲಗಿದವರ ಮೇಲೆ 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಡಿವಿಟಿ ನೂರಕ್ಕೆ 12.1ರಿಂದ 8.5ಕ್ಕೆ ಇಳಿಯಿತು. ಬಿಗಿ ಕಾಲುಚೀಲದ ಕತೆ ಬೇರೆ. 2009ರಲ್ಲಿ ಅಂಥದೇ ರೋಗಿಗಳಿಗೆ ತೊಡೆಯವರೆಗಿನ ಕಾಲುಚೀಲ ಹಾಕಿ ನೋಡಿದರೆ ಡಿವಿಟಿ ಕಡಿಮೆಯಾಗಲಿಲ್ಲ, ಚರ್ಮದ ಹುಣ್ಣು ಮತ್ತು ಗುಳ್ಳೆಗಳು ಮಾತ್ರ ಜಾಸ್ತಿಯಾದವು. ಕಾಲಿಗೆ ರಕ್ತ ಸರಿಯಾಗಿ ಹರಿಯದವರಿಗೆ ಕಾಲುಚೀಲ ಅಪಾಯವೂ ಹೌದು. ಹಾಗಾಗಿ "ಚೀಲ ಹಾಕಿದೀವಿ, ಸಾಕು" ಎಂಬ ಉತ್ತರಕ್ಕೆ ತೃಪ್ತಿಪಡಬೇಡಿ.

ಬೇಗ ಎದ್ದು ನಡೆಯುವುದು, ಡಾಕ್ಟರ್ ಮಿತಿ ಹಾಕಿಲ್ಲದಿದ್ದರೆ ಸಾಕಷ್ಟು ನೀರು ಕುಡಿಯುವುದು, ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು ಎಲ್ಲರಿಗೂ ಒಳ್ಳೆಯದು. ಅಪಾಯ ಹೆಚ್ಚಿರುವವರಿಗೆ ಇದಿಷ್ಟೇ ಸಾಲದು.

ಬರೆದದ್ದು ಕೊಟ್ಟಂತಲ್ಲ

ಇಷ್ಟೆಲ್ಲ ಗೊತ್ತಿದ್ದೂ ಬೇಕಾದವರಿಗೆ ಔಷಧಿ ತಲುಪುವುದಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. 32 ದೇಶಗಳ 358 ಆಸ್ಪತ್ರೆಗಳನ್ನು ನೋಡಿದ ಎಂಡಾರ್ಸ್ ಅಧ್ಯಯನ 2008ರಲ್ಲಿ ಬಂತು. ಕಾಯಿಲೆಗಾಗಿ ಸೇರಿ, ಹೆಪ್ಪಿನ ಅಪಾಯ ಇದ್ದವರಲ್ಲಿ ಸರಿಯಾದ ತಡೆ ಸಿಕ್ಕಿದ್ದು ನೂರಕ್ಕೆ 39.5 ಮಂದಿಗೆ ಮಾತ್ರ. ಆಪರೇಷನ್ ರೋಗಿಗಳಲ್ಲಿ 58.5. ಡಾಕ್ಟರ್ ಗಮನ ನ್ಯುಮೋನಿಯಾದ ಮೇಲೆ, ಹೃದಯದ ಮೇಲೆ ಇರುತ್ತದೆ. ಕಾಲು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಇದಕ್ಕೆ ಸರಳ ಪರಿಹಾರ ನೆನಪಿಸುವುದು. ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ, ಅಪಾಯ ಹೆಚ್ಚಿದ್ದೂ ತಡೆ ಸಿಗದ 2506 ರೋಗಿಗಳನ್ನು ಕಂಪ್ಯೂಟರ್ ಗುರುತಿಸಿತು. ಅವರಲ್ಲಿ ಅರ್ಧದಷ್ಟು ಜನರ ಡಾಕ್ಟರ್‌ಗೆ ಮಾತ್ರ ಅದು ಎಚ್ಚರಿಕೆ ಕಳಿಸಿತು. 2005ರಲ್ಲಿ ಬಂದ ಫಲಿತಾಂಶದ ಪ್ರಕಾರ 90 ದಿನಗಳಲ್ಲಿ ಹೆಪ್ಪಿನ ತೊಂದರೆ ನೂರಕ್ಕೆ 8.2ರಿಂದ 4.9ಕ್ಕೆ ಇಳಿಯಿತು. ಹೊಸ ಔಷಧಿ ಏನೂ ಇರಲಿಲ್ಲ. ಇಂಗ್ಲೆಂಡಿನಲ್ಲಿ 2010ರಿಂದ, ಸೇರಿದ ಪ್ರತಿ ವಯಸ್ಕ ರೋಗಿಯ ಹೆಪ್ಪಿನ ಅಪಾಯವನ್ನು ಅಳೆದು ದಾಖಲಿಸುವುದನ್ನು ರಾಷ್ಟ್ರಮಟ್ಟದ ನಿಯಮವಾಗಿಯೇ ಮಾಡಿದರು.

ಚಾರ್ಟಿನಲ್ಲಿ ಬರೆದ ಮೇಲೂ ಡೋಸ್ ತಪ್ಪುತ್ತದೆ. ತಪ್ಪಲು ದೊಡ್ಡ ಕಾರಣಗಳಲ್ಲೊಂದು ರೋಗಿಯೇ ಬೇಡ ಅನ್ನುವುದು. ಒಂದು ದಿನದ ಡೋಸ್ ಸುಮಾರು ಒಂದು ದಿನಕ್ಕಷ್ಟೇ ಕಾವಲು, ತಪ್ಪಿದ ದಿನ ಕಾವಲಿಲ್ಲ. ಕಾರಣವನ್ನು ಕೂತು ವಿವರಿಸಿದಾಗ ಬೇಡ ಅನ್ನುವವರು ಕಡಿಮೆಯಾಗುತ್ತಾರೆ ಎಂದು ಅಧ್ಯಯನಗಳೂ ತೋರಿಸಿವೆ. ಆದ್ದರಿಂದ ಸೇರಿದ ದಿನವೇ ಕೇಳಿ: "ಇವರಿಗೆ ಕಾಲಲ್ಲಿ ಕ್ಲಾಟ್ ಆಗುವ ಅಪಾಯ ಇದೆಯೇ ಡಾಕ್ಟರ್? ತಡೆಯೋಕೆ ಏನು ಕೊಡ್ತಿದೀರಿ?" ಕೊಡುತ್ತಿಲ್ಲ ಅಂದರೆ ಯಾಕೆ ಎಂದೂ ಕೇಳಿ. ಸ್ಥಿತಿ ಬದಲಾದಾಗ, ಐಸಿಯುನಿಂದ ವಾರ್ಡಿಗೆ ಬಂದಾಗ, ರಕ್ತಸ್ರಾವ ನಿಂತಾಗ ಮತ್ತೆ ಕೇಳಿ. ಮೊದಲ ದಿನದ ತೀರ್ಮಾನ ಐದನೇ ದಿನಕ್ಕೆ ಸರಿಯಾಗಿಯೇ ಇರಬೇಕೆಂದಿಲ್ಲ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದ ದಿನವೇ ಅಪಾಯ ಮುಗಿಯುವುದಿಲ್ಲ. ಹಾಗಾದರೆ ಮನೆಯಲ್ಲೂ ಔಷಧಿ ಮುಂದುವರಿಸಬಹುದಲ್ವಾ? ಮೆಜೆಲನ್ ಎಂಬ ಪ್ರಯೋಗದಲ್ಲಿ ಹೆಪ್ಪು ತಡೆಯುವ ರಿವರಾಕ್ಸಬಾನ್ ಮಾತ್ರೆಯನ್ನು 35 ದಿನ ಕೊಟ್ಟು ನೋಡಿದರು. ಹೆಪ್ಪು ನೂರಕ್ಕೆ 5.7ರಿಂದ 4.4ಕ್ಕೆ ಇಳಿಯಿತು, ಆದರೆ ಗಮನಿಸಬೇಕಾದಂಥ ರಕ್ತಸ್ರಾವ 1.7ರಿಂದ 4.1ಕ್ಕೆ ಏರಿತು. ಅಮೆರಿಕದ ಹೆಮಟಾಲಜಿ ಸೊಸೈಟಿ (ರಕ್ತರೋಗ ತಜ್ಞರ ಸಂಘ) 2018ರ ಮಾರ್ಗಸೂಚಿಯಲ್ಲಿ ಆಸ್ಪತ್ರೆಯಲ್ಲಿ ಇರುವಷ್ಟು ದಿನ ಕೊಟ್ಟರೆ ಸಾಕು ಎಂದಿತು. ಮರುವರ್ಷ ಅಮೆರಿಕದ ಔಷಧ ಇಲಾಖೆ, ರಕ್ತಸ್ರಾವದ ಅಪಾಯ ಹೆಚ್ಚಿಲ್ಲದ ಆಯ್ದ ರೋಗಿಗಳಿಗೆ ಈ ಮಾತ್ರೆಯನ್ನು ಮನೆಯಲ್ಲೂ ಮುಂದುವರಿಸಲು ಒಪ್ಪಿಗೆ ಕೊಟ್ಟಿತು. ಎಲ್ಲರಿಗೂ ಮುಂದುವರಿಸುವುದು ಸರಿಯಲ್ಲ ಎಂದೇ ನನಗೂ ಅನ್ನಿಸುತ್ತದೆ. ಹಳೆಯ ಹೆಪ್ಪಿನ ಇತಿಹಾಸ, ಕ್ಯಾನ್ಸರ್ ಇದ್ದವರು ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಇದನ್ನೇ ಮಾತಾಡಬೇಕು.

ಮೊದಲ ಮೂರು ತಿಂಗಳು ಕಾಲುಗಳ ಮೇಲೆ ಕಣ್ಣಿರಲಿ. ಒಂದೇ ಕಾಲು ಊದಿದರೆ, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಅದೇ ದಿನ ಡಾಪ್ಲರ್ ಸ್ಕ್ಯಾನ್ ಮಾಡಿಸಲು ಹೋಗಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಫದಲ್ಲಿ ರಕ್ತ ಬಂದರೆ, ತಲೆಸುತ್ತಿ ಬಿದ್ದರೆ ಬೆಳಗಾಗಲಿ ಎಂದು ಕಾಯದೆ ಎಮರ್ಜೆನ್ಸಿಗೆ ಹೋಗಿ. ಇತ್ತೀಚೆಗೆ ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು, ಯಾವ ಕಾಯಿಲೆಗೆ ಎನ್ನುವುದನ್ನು ಅಲ್ಲಿನ ಡಾಕ್ಟರ್ ಕೇಳುವ ಮುಂಚೆಯೇ ಹೇಳಿ, ಡಿಸ್ಚಾರ್ಜ್ ಸಮ್ಮರಿಯನ್ನು ಜೊತೆಗೇ ಒಯ್ಯಿರಿ.